ಮೆಡಲ್ ಬಂತು, ಇನ್ನು ಬೆಲ್ಟ್ ಯಾವಾಗ?

ಪ್ರಶ್ನೆ: ನಾವು ಬದಿಯಡ್ಕದ ಹತ್ತಿರದವರು. ನನ್ನ ತಂಗಿಯ ಮಗನಿಗೆ ಈಗ 19 ವರ್ಷ. ಅಮೆಚೂರ್ (ಹವ್ಯಾಸಿ) ಬಾಕ್ಸಿಂಗ್‌ನ 60 ಕೆಜಿ ವಿಭಾಗದಲ್ಲಿ ಅವನಿಗೆ ಕೇರಳ ರಾಜ್ಯ ಮಟ್ಟದಲ್ಲಿ ಎರಡು ಮೆಡಲ್ ಬಂದಿದೆ. ಈಗ ದೊಡ್ಡ ನಗರದ ಒಬ್ಬರು ಮನೆಗೆ ಬಂದು, ‘ಐದು ವರ್ಷದ ಕಾಂಟ್ರಾಕ್ಟ್‌ಗೆ ಸಹಿ ಹಾಕಲಿ, ಪ್ರೊಫೆಶನಲ್ ಮಾಡ್ತೇನೆ, ಎರಡು ವರ್ಷದಲ್ಲಿ ವರ್ಲ್ಡ್ ಚಾಂಪಿಯನ್’ ಎನ್ನುತ್ತಿದ್ದಾರೆ. ಸ್ವಲ್ಪ ಅಡ್ವಾನ್ಸ್ ಕೂಡ ಕೊಡುತ್ತಾರಂತೆ. ಹುಡುಗ ಕುಣಿಯುತ್ತಿದ್ದಾನೆ, ತಂಗಿ ಹೆದರಿದ್ದಾಳೆ. ಮನೆಯಲ್ಲಿ ತೀರ್ಮಾನ ಮಾಡಬೇಕಾದವನು ನಾನು. ಅಮೆಚೂರಿನಿಂದ ವರ್ಲ್ಡ್ ಚಾಂಪಿಯನ್‌ವರೆಗಿನ ದಾರಿ ನಿಜವಾಗಿ ಹೇಗಿರುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ‘ಎರಡು ವರ್ಷ’ ಅನ್ನುವ ಮಾತು. ಅದು ಪೂರ್ತಿ ಸುಳ್ಳಾಗಿದ್ದರೆ ನನ್ನ ಕೆಲಸ ಸುಲಭವಾಗುತ್ತಿತ್ತು. ಎರಡು ವರ್ಷಕ್ಕಿಂತ ಬೇಗ ಆದವರೂ ಇದ್ದಾರೆ ಮಾರಾಯ್ರೆ. ಉಕ್ರೇನಿನ ವಾಸಿಲ್ ಲೊಮಚೆಂಕೊ 2013ರ ಅಕ್ಟೋಬರ್‌ನಲ್ಲಿ ಪ್ರೊಫೆಶನಲ್ ಆಗಿ ಮೊದಲ ಸಲ ರಿಂಗ್ ಹತ್ತಿದರು. 2014ರ ಜೂನ್‌ನಲ್ಲಿ ಡಬ್ಲ್ಯುಬಿಒ ಎನ್ನುವ ಸಂಸ್ಥೆಯ ಫೆದರ್‌ವೇಟ್ (57 ಕೆಜಿ) ಬೆಲ್ಟ್, ಅಂದರೆ ವರ್ಲ್ಡ್ ಚಾಂಪಿಯನ್ ಪಟ್ಟ, ಕಟ್ಟಿಕೊಂಡರು. ಎಂಟು ತಿಂಗಳು, ಮೂರನೇ ಬೌಟ್, ಅಂದರೆ ಮೂರನೇ ಪಂದ್ಯ. ನಿಮ್ಮ ಮನೆಗೆ ಬಂದವರ ಬಾಯಲ್ಲೂ ಇಂಥದ್ದೇ ಒಂದು ಹೆಸರು ಬಂದಿರಬೇಕು.

ಉಳಿದ ಕತೆ ಕೇಳಿ. ಲೊಮಚೆಂಕೊ ಅಷ್ಟರಲ್ಲಿ ಎರಡು ಒಲಿಂಪಿಕ್ ಚಿನ್ನ ಗೆದ್ದಾಗಿತ್ತು, 2008ರಲ್ಲಿ ಬೀಜಿಂಗ್, 2012ರಲ್ಲಿ ಲಂಡನ್. ಅಮೆಚೂರಿನಲ್ಲಿ 396 ಗೆಲುವು, ಸೋಲು ಒಂದೇ ಒಂದು. ಅಂಥವರೂ ಪ್ರೊಫೆಶನಲ್ಲಿನ ಎರಡನೇ ಬೌಟ್‌ನಲ್ಲಿ ಸೋತರು. ಎದುರಿಗೆ ಇದ್ದವರು ಮೆಕ್ಸಿಕೊದ ಒರ್ಲಾಂಡೊ ಸಲಿಡೊ. ಹತ್ತಕ್ಕೂ ಹೆಚ್ಚು ಸಲ ಸೋತಿದ್ದ ಹಳೆ ಹುಲಿ. ತೂಕದಲ್ಲಿ ಪಾಸಾಗದೆ ತಕ್ಕಡಿಯ ಮೇಲೇ ತನ್ನ ಬೆಲ್ಟ್ ಕಳಕೊಂಡರು, ಆದರೆ ರಿಂಗಿಗೆ ಬರುವಾಗ ಲೊಮಚೆಂಕೊಗಿಂತ ಭಾರ. ಸೊಂಟದ ಪಟ್ಟಿಯ ಕೆಳಗೆ ಹೊಡೆದರು. ಅಪ್ಪಿ ಹಿಡಿದರು, ಹಗ್ಗಕ್ಕೆ ಒತ್ತಿದರು, ಎಳೆದಾಡಿದರು. ಚೆಂದದ ಬಾಕ್ಸಿಂಗ್ ಆಡಲು ಜಾಗವೇ ಕೊಡಲಿಲ್ಲ. 12ನೇ ರೌಂಡ್‌ನಲ್ಲಿ ಸಲಿಡೊ ತೂರಾಡುತ್ತಿದ್ದರು, ಲೊಮಚೆಂಕೊಗೆ ಆಗಷ್ಟೇ ಈ ಆಟದ ಗುಟ್ಟು ಗೊತ್ತಾಗಿತ್ತು. ಅಷ್ಟರಲ್ಲಿ ಗಂಟೆ ಹೊಡೆಯಿತು. ಮೂವರು ಜಡ್ಜ್‌ಗಳಲ್ಲಿ ಇಬ್ಬರು ಸಲಿಡೊ ಕಡೆ.

ಒಲಿಂಪಿಕ್ಸ್ ಕಲಿಸದ ಏನೋ ಒಂದು ಅಲ್ಲಿತ್ತು, ಅಲ್ವಾ? ಅದು ಏನು ಅಂತ ನಮ್ಮ ಊರಿನ ಲೆಕ್ಕದಲ್ಲೇ ಹೇಳುತ್ತೇನೆ.

ನೀವು ಕುಂಬಳೆ ಸೀಮೆಯವರು, ಯಕ್ಷಗಾನ ಹೊಸದಾಗಿ ವಿವರಿಸಬೇಕಿಲ್ಲ. ಕಾಲಮಿತಿಯ ಆಟ ಬೇರೆ, ಬೆಳಗಿನವರೆಗಿನ ಆಟ ಬೇರೆ. ಪ್ರಸಂಗ ಅದೇ, ಚೆಂಡೆ ಅದೇ. ಆದರೆ ಮೂರು ಗಂಟೆಯಲ್ಲಿ ಮುಗಿಯುತ್ತದೆ ಅಂತ ಗೊತ್ತಿದ್ದರೆ ವೇಷಧಾರಿ ಪ್ರವೇಶದಲ್ಲೇ ಪೂರ್ತಿ ಕುಣಿದುಬಿಡುತ್ತಾನೆ. ಬೆಳಗಿನವರೆಗೆ ನಿಲ್ಲಬೇಕಾದವನು ಎಲ್ಲಿ ಉಳಿಸಬೇಕು, ಎಲ್ಲಿ ಸುರಿಯಬೇಕು ಅಂತ ಲೆಕ್ಕ ಹಾಕುತ್ತಾನೆ. ಅಮೆಚೂರ್ ಬೌಟ್ ಎಂದರೆ ಮೂರು ನಿಮಿಷದ ಮೂರು ರೌಂಡ್. ಒಟ್ಟು ಒಂಬತ್ತು ನಿಮಿಷ. ಅಲ್ಲಿ ವೇಗ ಬೇಕು, ಸ್ಪಷ್ಟವಾಗಿ ಕಾಣುವ ಪಂಚ್ ಬೇಕು. ಮೊದಲ ರೌಂಡ್ ಕೈ ತಪ್ಪಿದರೆ ಮತ್ತೆ ಹಿಡಿಯುವುದು ಕಷ್ಟ. ಪ್ರೊಫೆಶನಲ್ ವರ್ಲ್ಡ್ ಟೈಟಲ್ ಎಂದರೆ ಅದೇ ಮೂರು ನಿಮಿಷದ 12 ರೌಂಡ್, 36 ನಿಮಿಷ. ಹೆಂಗಸರಿಗೆ ಸಾಮಾನ್ಯವಾಗಿ ಎರಡು ನಿಮಿಷದ 10 ರೌಂಡ್. ಪ್ರೊಫೆಶನಲ್ಲಿನಲ್ಲಿ ಹೊಟ್ಟೆ, ಪಕ್ಕೆಗೆ ಹೊಡೆಯುವವನಿಗೆ ಬೆಲೆ ಜಾಸ್ತಿ. ಆ ಏಟಿನ ಫಲ ಆಗಲೇ ಕಾಣುವುದಿಲ್ಲ, ಎಂಟನೇ ರೌಂಡ್‌ನಲ್ಲಿ ಎದುರಾಳಿಯ ಕಾಲು ನಿಂತಾಗ ಗೊತ್ತಾಗುತ್ತದೆ.

ಗ್ಲೌಸೂ ಬೇರೆ. ಪ್ರೊಫೆಶನಲ್ಲಿನಲ್ಲಿ ಸುಮಾರು 66.7 ಕೆಜಿವರೆಗೆ 8 ಔನ್ಸ್, ಅದರ ಮೇಲೆ 10. ನಿಮ್ಮ ಹುಡುಗ ಅಮೆಚೂರಿನಲ್ಲಿ ಹಾಕುವುದು 10 ಔನ್ಸ್‌ದು. ಎರಡು ಔನ್ಸ್ ಎಂದರೆ ಐವತ್ತಾರು ಗ್ರಾಂ ಚಿಲ್ಲರೆ, ಏನು ಮಹಾ ಅನಿಸುತ್ತದೆ. ಒಳಗೆ ಬಿಗಿಯಾಗಿ ಗಾಜ್ ಬಟ್ಟೆ ಮತ್ತು ಟೇಪ್ ಸುತ್ತಿದ ಮುಷ್ಟಿ ಇರುತ್ತದೆ ಎನ್ನುವುದನ್ನು ಮರೆಯಬೇಡಿ. ಕೈ ಸುತ್ತುವಾಗ ಎದುರಾಳಿ ಕಡೆಯವನೊಬ್ಬ ಪಕ್ಕದಲ್ಲೇ ನಿಂತು ನೋಡುತ್ತಾನೆ, ಅಧಿಕಾರಿ ಟೇಪಿನ ಮೇಲೆ ಪೆನ್ನಿನಲ್ಲಿ ಗುರುತು ಹಾಕುತ್ತಾನೆ. ಆ ಬಟ್ಟೆಯೊಳಗೆ ಏನು ಬೇಕಾದರೂ ಅಡಗಿಸಬಹುದು ಅಂತ ಎಲ್ಲರಿಗೂ ಗೊತ್ತು. ಅದಕ್ಕೇ ಇಷ್ಟು ಕಾವಲು.

ನನ್ನ ಹತ್ತಿರ ಬಾಕ್ಸಿಂಗ್ ಕಲಿಯುವ ಒಬ್ಬ ಹುಡುಗ ಇದ್ದ, ಬಹಳ ಚುರುಕು. ಮೊದಲ ಸಲ ಅವನಿಗೆ ಆರು ರೌಂಡ್ ಸ್ಪಾರಿಂಗ್, ಅಂದರೆ ಅಭ್ಯಾಸದ ಕಾದಾಟ, ಇಟ್ಟೆ. ಮೂರನೇ ರೌಂಡಿನ ಗಂಟೆ ಹೊಡೆಯಿತು. ಹುಡುಗ ಸೀದಾ ಕಾರ್ನರಿಗೆ ಬಂದ, ಬಾಯಿಯ ಗಾರ್ಡ್ ಉಗಿದ, ಎರಡೂ ಕೈ ನನ್ನ ಮುಂದೆ ಚಾಚಿದ. ಗ್ಲೌಸ್ ಬಿಚ್ಚಿ ಅಂತ! ತಲೆಗೆ ಆರು ಅಂತ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಆರು ವರ್ಷ ಮೂರೇ ರೌಂಡ್ ಆಡಿದ ಮೈ ಅದು. ನಾಲ್ಕನೇ ರೌಂಡಿನಲ್ಲಿ ಅವನು ನಿಂತದ್ದು ನೋಡಿದರೆ ಪಾಪ ಅನಿಸುತ್ತಿತ್ತು. ಜ್ಯಾಬ್, ಅಂದರೆ ಮುಂದಿನ ಕೈಯ ನೇರ ಪಂಚ್, ಹೊಡೆದ ಎಡಗೈ ವಾಪಸು ಗಲ್ಲದ ಹತ್ತಿರ ಬರುತ್ತಿರಲಿಲ್ಲ, ಎದೆಯ ಹತ್ತಿರ ನೇತಾಡುತ್ತಿತ್ತು. ಆ ಮೈಗೆ ಎಂಟು ರೌಂಡ್ ಕಲಿಸಲು ನನಗೆ ಒಂದೂವರೆ ವರ್ಷ ಹಿಡಿಯಿತು.

ಅದಕ್ಕೇ ಪ್ರೊಫೆಶನಲ್ಲಿನಲ್ಲಿ ಮೆಟ್ಟಿಲು ಇಟ್ಟಿದ್ದಾರೆ. ಮೊದಲು ನಾಲ್ಕು ರೌಂಡಿನ ಬೌಟ್, ಆಮೇಲೆ ಆರು, ಎಂಟು, ಹತ್ತು, ಕೊನೆಗೆ ಹನ್ನೆರಡು. ಮೇಳಕ್ಕೆ ಸೇರಿದ ಹುಡುಗ ಬಾಲಗೋಪಾಲ ವೇಷ ಕಟ್ಟಿ, ಪುಂಡುವೇಷಕ್ಕೆ ಬಂದು, ಆಮೇಲೆ ಕಿರೀಟವೇಷ ಕಟ್ಟುವ ಹಾಗೆ. ಮೊದಲ ದಿನವೇ ಕಿರೀಟ ಕಟ್ಟಿದರೆ ತಲೆ ನಿಲ್ಲುವುದಿಲ್ಲ. ಒಲೆಕ್ಸಾಂಡರ್ ಉಸಿಕ್ ಲಂಡನ್ ಒಲಿಂಪಿಕ್ ಚಿನ್ನ ಗೆದ್ದು 2013ರ ನವೆಂಬರ್‌ನಲ್ಲಿ ಪ್ರೊಫೆಶನಲ್ ಆದರು, ಮೊದಲ ವರ್ಲ್ಡ್ ಬೆಲ್ಟ್ 2016ರ ಸೆಪ್ಟೆಂಬರ್‌ನಲ್ಲಿ, ಹತ್ತನೇ ಬೌಟ್‌ಗೆ. ಅದೂ ಪೋಲೆಂಡಿಗೆ ಹೋಗಿ, ಪೋಲೆಂಡಿನ ಚಾಂಪಿಯನ್ನನ್ನೇ ಸೋಲಿಸಿ. ಅದೇ ಒಲಿಂಪಿಕ್ಸ್‌ನ ಇನ್ನೊಬ್ಬ ಚಿನ್ನದ ಹುಡುಗ ಆಂಥನಿ ಜೋಶುವಾಗೆ 16ನೇ ಬೌಟ್ ಬೇಕಾಯಿತು. ಮಹಮ್ಮದ್ ಅಲಿ 1960ರಲ್ಲಿ ರೋಮ್ ಒಲಿಂಪಿಕ್ಸ್ ಚಿನ್ನ ಗೆದ್ದ ಬಳಿಕ ಆಗಿನ ಹೆವಿವೇಟ್ ವರ್ಲ್ಡ್ ಚಾಂಪಿಯನ್ ಸನ್ನಿ ಲಿಸ್ಟನ್‌ರನ್ನು ಸೋಲಿಸಿದ್ದು 1964ರ ಫೆಬ್ರವರಿಯಲ್ಲಿ, 20ನೇ ಬೌಟ್‌ನಲ್ಲಿ. ಇವರೆಲ್ಲ ಒಲಿಂಪಿಕ್ ಚಿನ್ನದವರು ಅನ್ನುವುದು ನೆನಪಿರಲಿ.

ಮೆಡಲ್ ಇಲ್ಲದೆ ಮೇಲೆ ಬಂದವರಿಲ್ಲವೇ? ಫಿಲಿಪ್ಪೀನ್ಸ್‌ನ ಮ್ಯಾನಿ ಪಾಕಿಯಾವೊ ಇದ್ದಾರೆ. ಬಡತನದಿಂದ ಬಂದು 16ನೇ ವಯಸ್ಸಿಗೇ, 1995ರಲ್ಲಿ, ಪ್ರೊಫೆಶನಲ್ ಆದರು. 1998ರ ಡಿಸೆಂಬರ್‌ನಲ್ಲಿ ಡಬ್ಲ್ಯುಬಿಸಿ ಫ್ಲೈವೇಟ್ ಚಾಂಪಿಯನ್. ನಡುವೆ ನಾಕೌಟ್ ಆಗಿ ಸೋತದ್ದೂ ಉಂಟು. ಮುಂದೆ ಎಂಟು ತೂಕಗಳಲ್ಲಿ ಟೈಟಲ್ ಗೆದ್ದರು. ಆದರೆ ಫಿಲಿಪ್ಪೀನ್ಸ್‌ನಲ್ಲಿ ಬಾಕ್ಸಿಂಗ್ ಎಂದರೆ ನಮ್ಮಲ್ಲಿ ಕಬಡ್ಡಿ ಇದ್ದ ಹಾಗೆ, ಮೂಲೆ ಮೂಲೆಯಲ್ಲಿ ಬೌಟ್‌ಗಳು ನಡೆಯುತ್ತವೆ. ಅಲ್ಲಿನ ಹುಡುಗನಿಗೆ ತಿಂಗಳಿಗೊಂದು ಬೌಟ್ ಸಿಗಬಹುದು. ಬದಿಯಡ್ಕದ ಹುಡುಗನಿಗೆ?

ನಮ್ಮ ದೇಶದ ಉದಾಹರಣೆಗೆ ವಿಜೇಂದರ್ ಸಿಂಗ್‌ರನ್ನೇ ನೋಡಿ. ಇದನ್ನು ನಿಮ್ಮ ಅಳಿಯನಿಗೆ ಓದಿ ಹೇಳಿ. 2008ರ ಬೀಜಿಂಗ್‌ನಲ್ಲಿ ಕಂಚು, ಭಾರತಕ್ಕೆ ಬಾಕ್ಸಿಂಗ್‌ನಲ್ಲಿ ಬಂದ ಮೊದಲ ಒಲಿಂಪಿಕ್ ಪದಕ. 2009ರಲ್ಲಿ ವಿಶ್ವ ಅಮೆಚೂರ್ ಚಾಂಪಿಯನ್‌ಶಿಪ್ ಕಂಚು. 2010ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ. ಪ್ರೊಫೆಶನಲ್ ಆದದ್ದು 2015ರಲ್ಲಿ, ಮೂವತ್ತು ತುಂಬಲು ಕೆಲವೇ ದಿನ ಇರುವಾಗ. ಇಂಗ್ಲೆಂಡಿನ ದೊಡ್ಡ ಪ್ರೊಮೋಟರ್, ಅಂದರೆ ಬೌಟ್ ಏರ್ಪಡಿಸುವವರು, ಕೈಹಿಡಿದರು. ಅವರು ಮ್ಯಾಂಚೆಸ್ಟರ್‌ಗೆ ಹೋಗಿ ನಿಂತು ತರಬೇತಿ ಪಡೆದರು. ಅಕ್ಟೋಬರ್ 10ರಂದು ಮೊದಲ ಬೌಟ್, ನಾಲ್ಕು ರೌಂಡಿನದ್ದು, ಮೂರನೆಯದರಲ್ಲೇ ಮುಗಿಸಿದರು. ಮುಂದಿನ ಜುಲೈಗೆ ಏಳನೇ ಬೌಟ್. ದೆಹಲಿಯ ತ್ಯಾಗರಾಜ ಕ್ರೀಡಾಂಗಣದಲ್ಲಿ ಕೆರಿ ಹೋಪ್ ವಿರುದ್ಧ ಪೂರ್ತಿ ಹತ್ತು ರೌಂಡ್ ಆಡಿ ಡಬ್ಲ್ಯುಬಿಒ ಏಷ್ಯಾ ಪೆಸಿಫಿಕ್ ಟೈಟಲ್ ಗೆದ್ದರು. ಒಂಬತ್ತು ತಿಂಗಳಲ್ಲಿ ಏಳು ಬೌಟ್. ಬೆಳೆಯುವ ಬಾಕ್ಸರ್‌ಗೆ ಇಷ್ಟು ಬೇಕು.

ಆಮೇಲೆ ಆ ಓಟ ನಿಂತಿತು. 2017ರಲ್ಲಿ ಎರಡು ಬೌಟ್. ಬಳಿಕ ಒಂದೂವರೆ ವರ್ಷಕ್ಕೂ ಜಾಸ್ತಿ ಒಂದೂ ಇಲ್ಲ. 2019ರಲ್ಲಿ ಮತ್ತೆ ಎರಡು. 2021ರ ಮಾರ್ಚ್‌ನಲ್ಲಿ ಗೋವಾದ ಕ್ಯಾಸಿನೊ ಹಡಗಿನ ಮೇಲೆ ರಷ್ಯಾದ ಆರ್ತಿಶ್ ಲೋಪ್ಸಾನ್ ಎದುರು ಮೊದಲ ಸೋಲು. ಸತತ 12 ಗೆಲುವಿನ ಸರಪಳಿ ಅಲ್ಲಿ ಕಡಿಯಿತು. ವರ್ಲ್ಡ್ ಟೈಟಲ್‌ಗೆ ಆಡುವ ಅವಕಾಶ ಕೊನೆಗೂ ಬರಲಿಲ್ಲ. ಒಲಿಂಪಿಕ್ ಪದಕ, ದೊಡ್ಡ ಪ್ರೊಮೋಟರ್, ಟಿವಿ, ಹೆಸರು ಎಲ್ಲ ಇದ್ದವರ ಕತೆ ಇದು. ನನ್ನ ಪ್ರಕಾರ ಅವರು ಹೊರಟದ್ದೇ ತಡ. ಇನ್ನೊಂದು ಐದು ವರ್ಷ ಮೊದಲು ಹೋಗಿದ್ದರೆ ಕತೆ ಬೇರೆ ಆಗುತ್ತಿತ್ತೋ ಏನೋ. ನಿಮ್ಮ ಹುಡುಗನಿಗೆ ಆ ಒಂದು ವಿಷಯದಲ್ಲಿ ಲಾಭ ಉಂಟು, 19 ವರ್ಷ. ಕಾಯಲು ಸಮಯ ಇದೆ.

‘ವರ್ಲ್ಡ್ ಚಾಂಪಿಯನ್’ ಎನ್ನುವ ಮಾತನ್ನೂ ಸ್ವಲ್ಪ ಬಿಡಿಸಿ ನೋಡಬೇಕು. ನಮ್ಮ ಪಕ್ಕದ ಕಣ್ಣೂರಿನ ಕೆ. ಸಿ. ಲೇಖಾ 2006ರಲ್ಲಿ ದೆಹಲಿಯಲ್ಲಿ 75 ಕೆಜಿಯಲ್ಲಿ ಚಿನ್ನ ಗೆದ್ದು ವಿಶ್ವ ಚಾಂಪಿಯನ್ ಆದವರು. ಮೇರಿ ಕೋಮ್ ಆರು ಸಲ ಆದರು. ಅದು ಅಮೆಚೂರಿನದ್ದು. ಒಂದು ಕೂಟ ನಡೆಯುತ್ತದೆ, ಗೆದ್ದವರು ಚಾಂಪಿಯನ್, ತಕರಾರಿಲ್ಲ. ಪ್ರೊಫೆಶನಲ್ಲಿನಲ್ಲಿ ಹಾಗಲ್ಲ. ಅಲ್ಲಿ ನಾಲ್ಕು ದೊಡ್ಡ ಸಂಸ್ಥೆಗಳು: ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ. ಗಂಡಸರಿಗೆ 17 ತೂಕದ ವಿಭಾಗ. ಒಂದೊಂದು ತೂಕಕ್ಕೂ ನಾಲ್ಕು ಬೆಲ್ಟ್. ಸಂಸ್ಥೆಯ ರ‍್ಯಾಂಕಿಂಗ್‌ನಲ್ಲಿ ಹೆಸರು ಬರಬೇಕು, ಸಾಮಾನ್ಯವಾಗಿ ಮೊದಲ ಹದಿನೈದರೊಳಗೆ. ಆಗ ಚಾಂಪಿಯನ್ ಬೇಕಿದ್ದರೆ ನಿಮ್ಮನ್ನು ಆರಿಸಿಕೊಳ್ಳಬಹುದು. ಮೊದಲ ಸ್ಥಾನಕ್ಕೆ ಬಂದರೆ ‘ಮ್ಯಾಂಡೇಟರಿ’, ಅಂದರೆ ಚಾಂಪಿಯನ್ ನಿಮ್ಮ ಜೊತೆ ಆಡಲೇಬೇಕು, ಇಲ್ಲವೇ ಬೆಲ್ಟ್ ಬಿಡಬೇಕು. ಆ ಸ್ಥಾನಕ್ಕೂ ಮೊದಲೇ ಏಷ್ಯಾ ಮಟ್ಟದ, ಖಂಡ ಮಟ್ಟದ ಚಿಕ್ಕ ಬೆಲ್ಟ್‌ಗಳು ಇರುತ್ತವೆ. ವಿಜೇಂದರ್ ಗೆದ್ದದ್ದು ಅಂಥದ್ದು.

ಈ ನಾಲ್ಕರ ಹೊರಗೂ ಬೆಲ್ಟ್ ಕೊಡುವವರು ತುಂಬಾ ಇದ್ದಾರೆ. ನಮ್ಮ ಮನದೀಪ್ ಜಾಂಗ್ರಾ 2024ರಲ್ಲಿ ಡಬ್ಲ್ಯುಬಿಎಫ್ ಎನ್ನುವ ಸಂಸ್ಥೆಯ ವರ್ಲ್ಡ್ ಟೈಟಲ್ ಗೆದ್ದರು. ಕಷ್ಟಪಟ್ಟು ಗೆದ್ದದ್ದು, ಅವರ ಬಗ್ಗೆ ನನಗೆ ಗೌರವವಿದೆ. ಆದರೆ ಆ ನಾಲ್ಕು ದೊಡ್ಡ ಸಂಸ್ಥೆಗಳಲ್ಲಿ ಯಾವುದರ ವರ್ಲ್ಡ್ ಟೈಟಲನ್ನೂ ಭಾರತದ ಬಾಕ್ಸರ್ ಇದುವರೆಗೆ ಗೆದ್ದಿಲ್ಲ. ಹಾಗಾಗಿ ನಿಮ್ಮ ಮನೆಗೆ ಬಂದವರನ್ನು ಮೊದಲು ಕೇಳಬೇಕಾದ್ದು: ಯಾವ ಬೆಲ್ಟ್?

ಎರಡನೆಯ ಪ್ರಶ್ನೆ ಇದಕ್ಕಿಂತ ದೊಡ್ಡದು. ಎದುರಾಳಿಯನ್ನು ಯಾರು ಆರಿಸುತ್ತಾರೆ?

ಅಮೆಚೂರಿನಲ್ಲಿ ಡ್ರಾ ಆರಿಸುತ್ತದೆ. ಚೀಟಿ ಬಂದ ಹಾಗೆ. ಮೊದಲ ಬೌಟ್‌ಗೇ ರಾಷ್ಟ್ರೀಯ ಚಾಂಪಿಯನ್ ಸಿಗಬಹುದು, ಯಾರ ತಪ್ಪೂ ಅಲ್ಲ. ಪ್ರೊಫೆಶನಲ್ಲಿನಲ್ಲಿ ಮ್ಯಾಚ್‌ಮೇಕರ್ ಅಂತ ಒಬ್ಬ ಮನುಷ್ಯ ಕೂತು ಆರಿಸುತ್ತಾನೆ. ಒಳ್ಳೆಯ ಮ್ಯಾಚ್‌ಮೇಕರ್ ಆದರೆ ಪಾಠ ಜೋಡಿಸಿದ ಹಾಗೆ ಜೋಡಿಸುತ್ತಾನೆ. ಮೊದಲು ಬೀಳದೆ ನಾಲ್ಕೂ ರೌಂಡ್ ನಿಲ್ಲುವ ಒಬ್ಬ. ಆಮೇಲೆ ಒಬ್ಬ ಎಡಗೈಯವನು. ಆಮೇಲೆ ಉದ್ದ ಕೈಯವನು. ಆಮೇಲೆ ಸಲಿಡೊ ತರಹದ ಒಬ್ಬ ಕಿಲಾಡಿ, ಒರಟ. ಪ್ರತಿ ಬೌಟ್ ಮುಗಿದಾಗ ಹುಡುಗನಿಗೆ ಒಂದು ಹೊಸ ವಿಷಯ ಗೊತ್ತಾಗಿರಬೇಕು. ಕೆಟ್ಟ ಮ್ಯಾಚ್‌ಮೇಕರ್ ಎರಡರಲ್ಲಿ ಒಂದು ಮಾಡುತ್ತಾನೆ. ಕೈ ಎತ್ತಲೂ ಬಾರದವರನ್ನು ತಂದು ನಿಲ್ಲಿಸಿ ‘ಹತ್ತಕ್ಕೆ ಹತ್ತು ಗೆಲುವು’ ಅಂತ ಪೋಸ್ಟರ್ ಹಾಕಿಸುತ್ತಾನೆ. ಇಲ್ಲವೇ ನಿಮ್ಮ ಹುಡುಗನನ್ನೇ ಬೇರೆಯವರ ಪೋಸ್ಟರಿಗೆ ಗೆಲುವಾಗಿ ಮಾರುತ್ತಾನೆ. ಈ ದಂಧೆಯಲ್ಲಿ ಗೆಲ್ಲಲಿ ಅಂತ ತಂದವನು ಎ ಸೈಡ್, ಸೋಲಲಿ ಅಂತ ತಂದವನು ಬಿ ಸೈಡ್ ಅನ್ನುತ್ತಾರೆ. ನಿಮ್ಮ ಅಳಿಯನನ್ನು ಎಲೆಯ ಎದುರು ಕೂರಿಸುತ್ತಾರೋ, ಎಲೆಯ ಮೇಲೆ ಬಡಿಸುತ್ತಾರೋ, ಅದು ಮೊದಲು ಗೊತ್ತಾಗಬೇಕು.

ಇದು ನನಗೂ ತಟ್ಟಿದ ವಿಷಯ. ನನ್ನ ಇನ್ನೊಬ್ಬ ಹುಡುಗನಿಗೆ ಮೊದಲ ಪ್ರೊಫೆಶನಲ್ ಬೌಟ್ ಅಂತ ಕರೆ ಬಂತು, ಒಂಬತ್ತು ದಿನ ಇರುವಾಗ. ಹೋದೆವು. ಹೇಳಿದ್ದ ಎದುರಾಳಿಗೆ ಜ್ವರವಂತೆ, ಬೇರೆಯವನು ಬಂದ. ತಕ್ಕಡಿ ಹತ್ತಿಸಿದರೆ ನಮ್ಮವನಿಗಿಂತ ನಾಲ್ಕು ಕೆಜಿ ಜಾಸ್ತಿ. ‘ಟಿಕೆಟ್ ಮಾರಿ ಆಗಿದೆ, ಈಗ ಬೇಡ ಅಂದರೆ ಹೇಗೆ?’ ಎಂದರು. ನಾನು ಆಗಲೇ ಬ್ಯಾಗ್ ಎತ್ತಿಕೊಂಡು ಬರಬೇಕಿತ್ತು. ಹುಡುಗ ಕಣ್ಣಲ್ಲಿ ನೀರು ತಂದುಕೊಂಡು ಆಡ್ತೇನೆ ಸರ್ ಅಂದ, ನಾನು ಒಪ್ಪಿದೆ. ಎರಡನೇ ರೌಂಡಿಗೆ ಟವೆಲ್ ಎಸೆದೆ, ಅಂದರೆ ಸೋಲೊಪ್ಪಿ ಬೌಟ್ ನಿಲ್ಲಿಸಿದೆ. ದುಡ್ಡು ಅರ್ಧ ಕೊಟ್ಟರು, ಉಳಿದದ್ದಕ್ಕೆ ಚೆಕ್ ಬರುತ್ತದೆ ಎಂದರು. ಇನ್ನೂ ಬಂದಿಲ್ಲ. ದುಡ್ಡು ಹೋಗಲಿ, ಆ ಹುಡುಗ ಮತ್ತೆ ಜಿಮ್ಮಿಗೆ ಬರಲಿಲ್ಲ.

ತೂಕದ ವಿಷಯ ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ಅಮೆಚೂರಿನಲ್ಲಿ ಬೌಟ್ ಇರುವ ದಿನ ಬೆಳಿಗ್ಗೆಯೇ ತೂಕ. ಪ್ರೊಫೆಶನಲ್ಲಿನಲ್ಲಿ ಹಿಂದಿನ ದಿನ. ನಡುವೆ ಒಂದು ರಾತ್ರಿ ಸಿಗುತ್ತದೆ, ಆದ್ದರಿಂದ ಜನ ತಮ್ಮ ಮೈಗಿಂತ ಚಿಕ್ಕ ತೂಕಕ್ಕೆ ಇಳಿದು, ರಾತ್ರಿಯಲ್ಲಿ ನೀರು ತುಂಬಿಕೊಂಡು ಮರುದಿನ ಬರುತ್ತಾರೆ. 60 ಕೆಜಿಯ ನಿಮ್ಮ ಹುಡುಗನಿಗೆ ಸಹಜವಾದದ್ದು ಲೈಟ್‌ವೇಟ್, 61.2 ಕೆಜಿ. ನಿಮ್ಮ ಮನೆಗೆ ಬಂದವರು ‘57ಕ್ಕೆ ಇಳಿಸಿದರೆ ಫೆದರ್‌ವೇಟ್‌ನಲ್ಲಿ ಎಲ್ಲರಿಗಿಂತ ದೊಡ್ಡವನಾಗುತ್ತಾನೆ’ ಅಂತ ಹೇಳದೆ ಇರುವುದಿಲ್ಲ. ತೂಕ ಇಳಿಸುವ ಹುಡುಗನನ್ನು ನೀವು ನೋಡಿಲ್ಲ. ಬಿಸಿಲಲ್ಲಿ ಪ್ಲಾಸ್ಟಿಕ್ ಕೋಟು ಹಾಕಿ ಓಡಿ, ಬಾಟಲಿಗೆ ಉಗುಳು ಉಗಿದು, ಒಣಗಿದ ತುಟಿ ನೆಕ್ಕುತ್ತಾ, ರಸ್ತೆ ಬದಿಯಲ್ಲಿ ಯಾರೋ ಬೊಂಡ ಕೆತ್ತುವುದನ್ನೇ ನೋಡುತ್ತಾ ನಿಂತಿರುತ್ತಾನೆ. ಮಿದುಳಿನ ಸುತ್ತ ಇರುವ ನೀರೂ ಸರಿಯಾಗಿ ತುಂಬಿಕೊಳ್ಳದೆ ಮರುದಿನ ರಿಂಗಿಗೆ ಹೋದರೆ ತಲೆಗೆ ಬೀಳುವ ಏಟು ಇನ್ನೂ ಕೆಟ್ಟದ್ದು. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಕಿಮ್ ಡುಕ್ ಕೂ 14ನೇ ರೌಂಡ್‌ನಲ್ಲಿ ಬಿದ್ದು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಟೈಟಲ್ ಬೌಟ್ 15 ರೌಂಡಿನಿಂದ 12ಕ್ಕೆ ಇಳಿದದ್ದು ಆ ಸಾವಿನ ನಂತರ. ನಿಮ್ಮ ತಂಗಿ ಹೆದರಿದ್ದರಲ್ಲಿ ತಪ್ಪೇನೂ ಇಲ್ಲ. ಮಿದುಳಿನ ಸ್ಕ್ಯಾನ್, ಕಣ್ಣಿನ ಪರೀಕ್ಷೆ, ರಿಂಗ್ ಪಕ್ಕದಲ್ಲಿ ಡಾಕ್ಟರ್ ಮತ್ತು ಆಂಬುಲೆನ್ಸ್, ಇನ್ಶೂರೆನ್ಸ್, ಇದರ ಖರ್ಚು ಯಾರದ್ದು ಅಂತ ಕಾಂಟ್ರಾಕ್ಟಿನಲ್ಲಿ ಬರೆದಿರಬೇಕು. ಬಾಯಿ ಮಾತು ಬೇಡ.

ಕಾಂಟ್ರಾಕ್ಟ್ ಓದುವಾಗ ನನಗೆ ಮುಖ್ಯವಾಗಿ ಕಾಣುವುದು, ಮ್ಯಾನೇಜರ್ ಯಾರು, ಪ್ರೊಮೋಟರ್ ಯಾರು ಎಂಬುದು. ಮ್ಯಾನೇಜರ್ ಹುಡುಗನಿಗೆ ಜಾಸ್ತಿ ದುಡ್ಡು ಕೊಡಿಸಬೇಕಾದವನು. ಪ್ರೊಮೋಟರ್ ಕಮ್ಮಿ ಕೊಟ್ಟರೆ ಲಾಭ ಆಗುವವನು. ಇಬ್ಬರೂ ಒಬ್ಬನೇ ಆದರೆ ಹುಡುಗನ ಪರ ಮಾತಾಡುವವರು ಯಾರು? ಅಮೆರಿಕದಲ್ಲಿ ಇದನ್ನು ತಡೆಯಲೆಂದೇ 2000ದಲ್ಲಿ ಅಲಿಯ ಹೆಸರಿನಲ್ಲಿ ಒಂದು ಕಾನೂನು ಬಂತು. ನಮ್ಮಲ್ಲಿ ಅಂಥ ಕಾನೂನು ಇಲ್ಲ, ನಾವೇ ನೋಡಿಕೊಳ್ಳಬೇಕು. ಮ್ಯಾನೇಜರ್ ಪಾಲು ಮೂರನೇ ಒಂದರವರೆಗೆ ಇರಬಹುದು, ಟ್ರೈನರಿಗೆ ಸಾಮಾನ್ಯವಾಗಿ ನೂರಕ್ಕೆ ಹತ್ತು. ಅದರ ಮೇಲೆ ಓಡಾಟ, ಊಟ, ಸ್ಪಾರಿಂಗ್ ಪಾರ್ಟ್ನರ್ ಖರ್ಚನ್ನೂ ಹುಡುಗನ ಪಾಲಿನಿಂದ ಕಡಿದರೆ ಕೈಗೆ ಬಸ್ ಚಾರ್ಜ್ ಉಳಿಯಬಹುದು. ವರ್ಷಕ್ಕೆ ಕಮ್ಮಿ ಎಂದರೆ ಎಷ್ಟು ಬೌಟ್ ಕೊಡುತ್ತಾರೆ ಅಂತ ಬರೆದಿರಬೇಕು. ಆ ಸಂಖ್ಯೆ ಇಲ್ಲದ ಐದು ವರ್ಷದ ಕಾಂಟ್ರಾಕ್ಟ್ ಎಂದರೆ ಗೂಟಕ್ಕೆ ಕಟ್ಟಿ ಹುಲ್ಲು ಹಾಕದ ಹಾಗೆ. ಅವರ ಹತ್ತಿರ ಈಗಾಗಲೇ ಇರುವ ಬಾಕ್ಸರ್‌ಗಳ ಹೆಸರು ಕೇಳಿ, ಬಾಕ್ಸರ್‌ಗಳ ದಾಖಲೆ ಇಡುವ ಬಾಕ್ಸ್‌ರೆಕ್ ವೆಬ್‌ಸೈಟಿನಲ್ಲಿ ಹಾಕಿ ನೋಡಿ. ಯಾರ ಜೊತೆ ಆಡಿದ್ದಾರೆ, ಎದುರಾಳಿಗಳು ಎಷ್ಟು ಸಲ ಸೋತವರು, ಎರಡು ಬೌಟ್ ನಡುವೆ ಎಷ್ಟು ತಿಂಗಳು, ಎಲ್ಲ ಸಿಗುತ್ತದೆ. ಅರ್ಧ ಗಂಟೆಯ ಕೆಲಸ.

ನನ್ನನ್ನು ಕೇಳಿದರೆ ಹುಡುಗ ಇನ್ನೊಂದು ಎರಡು ಮೂರು ವರ್ಷ ಅಮೆಚೂರಿನಲ್ಲೇ ಇರಲಿ. ರಾಜ್ಯದ ಮೆಡಲ್ ಒಳ್ಳೆಯದೇ, ಆದರೆ ಹರಿಯಾಣದ, ಸರ್ವಿಸಸ್‌ನ (ಸೇನಾ ಪಡೆಗಳ ತಂಡದ) ಹುಡುಗರ ಎದುರು ನ್ಯಾಷನಲ್ಸ್‌ನಲ್ಲಿ ನಿಂತಾಗ ಅವನ ಅಳತೆ ಅವನಿಗೇ ಗೊತ್ತಾಗುತ್ತದೆ. ಪುಕ್ಕಟೆಯಾಗಿ ಬೇರೆ ಬೇರೆ ತರಹದ ಎದುರಾಳಿಗಳು ಸಿಗುವ ಜಾಗ ಅದೊಂದೇ. ರಾಷ್ಟ್ರೀಯ ಮೆಡಲ್ ಬಂದರೆ ಸೈನ್ಯ, ರೈಲ್ವೆ, ಪೊಲೀಸ್‌ನ ಸ್ಪೋರ್ಟ್ಸ್ ಕೋಟಾದ ಬಾಗಿಲೂ ತೆರೆಯಬಹುದು. ಸಂಬಳ ಬರುವಾಗ ಕಾಂಟ್ರಾಕ್ಟ್ ಓದುವ ಕಣ್ಣೇ ಬೇರೆ. 2016ರ ರಿಯೊದಿಂದ ಪ್ರೊಫೆಶನಲ್‌ಗಳಿಗೂ ಒಲಿಂಪಿಕ್ಸ್ ಬಾಗಿಲು ತೆರೆದಿದೆ ನಿಜ. ಆದರೂ ಒಮ್ಮೆ ಸಹಿ ಹಾಕಿದ ಮೇಲೆ ಫೆಡರೇಷನ್, ರಾಜ್ಯ ತಂಡ, ಮುಂದೆ ನೌಕರಿ, ಇವರೆಲ್ಲ ಏನು ಹೇಳುತ್ತಾರೆ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿಟ್ಟುಕೊಳ್ಳಿ.

ನಮ್ಮ ಕಡೆಯ ಕಷ್ಟ ನನಗೂ ಗೊತ್ತು. ಕಾಸರಗೋಡಿಗೆ ಮಂಗಳೂರು ಐವತ್ತು ಕಿಲೋಮೀಟರ್, ತಿರುವನಂತಪುರ ರಾತ್ರಿ ಇಡೀ ರೈಲು. ಆಡುವುದು ಕೇರಳಕ್ಕೆ, ಒಳ್ಳೆಯ ಸ್ಪಾರಿಂಗ್‌ಗೆ ಓಡುವುದು ಮಂಗಳೂರಿಗೆ. ಹಾಗೇ ಮಾಡಲಿ, ತಪ್ಪಿಲ್ಲ. ಈಗಿನಿಂದಲೇ ವಾರಕ್ಕೊಮ್ಮೆ ಆರು ರೌಂಡ್ ಆಡಿಸಿ. ಬೇರೆ ಬೇರೆ ಪಾರ್ಟ್ನರ್ ಇರಲಿ, ಎಲ್ಲ ರೌಂಡೂ ಜೋರಾಗಿ ಬೇಡ.

ಇನ್ನು ಅಡ್ವಾನ್ಸ್. ಅದನ್ನು ತೆಗೆದುಕೊಳ್ಳಬೇಡಿ. ಅದು ಬಹುಮಾನ ಅಲ್ಲ, ಸಾಲ. ಮುಂದಿನ ಬೌಟ್‌ಗಳ ದುಡ್ಡಿನಿಂದ ಕಡಿಯುತ್ತಾರೆ. ಹುಡುಗ ಬಿಟ್ಟು ಬರುತ್ತೇನೆ ಅಂದ ದಿನ ಬಡ್ಡಿ ಸಮೇತ ಎದುರು ಇಡುತ್ತಾರೆ. ಅವರಿಗೆ ನಿಜವಾಗಿ ಹುಡುಗನ ಮೇಲೆ ನಂಬಿಕೆ ಇದ್ದರೆ, ಕಾಂಟ್ರಾಕ್ಟ್ ಇಲ್ಲದೆ ಒಂದು ತಿಂಗಳು ತಮ್ಮ ಜಿಮ್ಮಿಗೆ ಕರೆಸಿಕೊಂಡು ಅವರ ಪ್ರೊಫೆಶನಲ್ ಹುಡುಗರ ಜೊತೆ ಸ್ಪಾರಿಂಗ್ ಮಾಡಿಸಲಿ. ನೀವೂ ಎರಡು ದಿನ ಹೋಗಿ ಮೂಲೆಯಲ್ಲಿ ಕೂತು ನೋಡಿ. ಬೇಡ ಅಂದರೆ ಕಾಗದ ಹಾಗೇ ವಾಪಸು ಕೊಡಿ. ಒಪ್ಪಿದರೆ, ಕಾಂಟ್ರಾಕ್ಟಿನ ಎಲ್ಲ ಪುಟಗಳನ್ನೂ ನನಗೆ ಕಳಿಸಿ. ಕೊನೆಯ ಪುಟ ಮಾತ್ರ ತೋರಿಸಿ ಸಹಿ ಕೇಳುವವರೂ ಇದ್ದಾರೆ.